ದುಬೈಯ ನೆಲಕ್ಕೊಂದು ಹೀಟರ್

ದುಬೈಯಲ್ಲಿ ನೆಲದಡಿಯ ಐಸು ಕರಗಿ ಕಟ್ಟಡವೊಂದು ಕುಸಿಯಿತು ಎಂದರೆ ಊರಿನಲ್ಲಿ ಒಬ್ಬರೂ ನಂಬುವುದಿಲ್ಲ. ನಾನು ಹೇಳಿ ಹೇಳಿ ಸೋತಿದ್ದೇನೆ. ಹೆಂಡತಿಯ ತಮ್ಮನಂತೂ ಪ್ರತಿ ಸಲವೂ "ಒಳ್ಳೆ ರೈಲು ಬಿಡ್ತೀರಿ ಭಾವ" ಎಂದು ನಗುತ್ತಾನೆ. ಗಲ್ಫಿನಲ್ಲಿ ಐಸು ಇರುವುದು ಜ್ಯೂಸಿನ ಗ್ಲಾಸಿನಲ್ಲಿ ಮಾತ್ರ ಎಂದು ಅವನ ಅಂದಾಜು. ಮೊನ್ನೆ ಟೀವಿಯಲ್ಲಿ ಭೂಮಿ ಬಿಸಿಯಾಗಿ ಸೈಬೀರಿಯಾದ ಕಡೆ ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿದ್ದ ನೆಲ ಕರಗುತ್ತಿರುವುದನ್ನು ತೋರಿಸಿದರು. ರಸ್ತೆ ಅಲೆ ಅಲೆಯಾಗಿತ್ತು, ನಾಲ್ಕು ಮಾಳಿಗೆಯ ಮನೆಯೊಂದು ನಡುವಿನಲ್ಲಿ ಸೀಳಿತ್ತು. "ನೋಡು, ಅಲ್ಲಿ ಹೀಗೇ ಆದದ್ದು" ಎಂದೆ. "ಅದಕ್ಕೂ ದುಬೈಗೂ ಎಂತ ಸಂಬಂಧ ಭಾವ?" ಎಂದು ಅವನು ಚಾನೆಲ್ ಬದಲಿಸಿದ. ಸಂಬಂಧ ಉಂಟು. ಬಾಯಲ್ಲಿ ಹೇಳಲು ಹೊರಟರೆ ಸಿಟ್ಟು ನೆತ್ತಿಗೇರುತ್ತದೆ, ಬರೆದಾದರೂ ನೋಡೋಣ ಎಂದು ಕೂತಿದ್ದೇನೆ.

ತೊಂಬತ್ತನಾಲ್ಕರಲ್ಲಿ, ಬೊಂಬಾಯಿಯಲ್ಲಿ ಏಳೆಂಟು ವರ್ಷ ದುಡಿದ ಮೇಲೆ, ನಾನು ಜೆಬೆಲ್ ಅಲಿ ದಾರಿಯ ಒಂದು ಕೋಲ್ಡ್ ಸ್ಟೋರೇಜಿಗೆ ಮೇಂಟೆನೆನ್ಸ್ ಇಂಜಿನಿಯರ್ ಆಗಿ ಸೇರಿದೆ. ಈಗ ಡಿಸ್ಕವರಿ ಗಾರ್ಡನ್ಸಿನ ಫ್ಲ್ಯಾಟುಗಳು ನಿಂತಿರುವ ಆಸುಪಾಸಿನಲ್ಲಿ ಆಗ ಬರೀ ಮರಳು, ನಡುನಡುವೆ ಉಪ್ಪು ಕೂತ ಬಿಳಿಯ ನೆಲ, ಅಗೆದರೆ ಒಂದಾಳು ಆಳದಲ್ಲೇ ನೀರು. ನಮ್ಮ ಸ್ಟೋರಿನಲ್ಲಿ ಮೂರು ಕೋಣೆಗಳು. ಮೊದಲನೆಯದರಲ್ಲಿ ಹಣ್ಣು, ಎರಡನೆಯದರಲ್ಲಿ ತರಕಾರಿ. ಮೂರನೆಯದು ಆಟದ ಮೈದಾನದಷ್ಟು ದೊಡ್ಡ ಫ್ರೀಜರು. ಒಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ಛಾವಣಿಯವರೆಗೆ ಕಬ್ಬಿಣದ ರ್‍ಯಾಕುಗಳು, ರ್‍ಯಾಕಿನ ತುಂಬ ಕೋಳಿಯ ಪೆಟ್ಟಿಗೆಗಳು.

ಈ ಕೋಣೆಗಳ ಯಂತ್ರ ನೋಡಿಕೊಳ್ಳುತ್ತಿದ್ದ ಆಪರೇಟರ್ ಉಳ್ಳಾಲದ ಕಡೆಯ ಬ್ಯಾರಿ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಹಾಗಾಗಿ ನನಗೆ ಅವರು ಕಾಕ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು ಸುಡುವಾಗ ಮಂಕಿ ಕ್ಯಾಪು, ಮಂಡಿಯವರೆಗಿನ ಕೋಟು ಹಾಕಿಕೊಂಡು ಫ್ರೀಜರಿನಿಂದ ಹೊರಬಂದು ಸುಲೈಮಾನಿ ಚಹಾ ಕುಡಿಯುತ್ತಿದ್ದರು. ನೋಡಿದ ಟ್ಯಾಕ್ಸಿಯವರಿಗೆ ಇವರ ತಲೆ ಸರಿ ಇಲ್ಲ ಎಂದೇ ಗುಮಾನಿ. ಅವರು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಎರಡು ದಿನ ತಡವಾಗಿ ಬರುವ ಕನ್ನಡ ಪೇಪರನ್ನು ಶ್ರದ್ಧಾಂಜಲಿಯ ಜಾಹೀರಾತು ಸಹಿತ ಓದುವವರು, ಇಂಗ್ಲಿಷ್ ಕಂಡರೆ ಮುಖ ತಿರುಗಿಸುವವರು. ಪ್ಯಾನೆಲ್ ರೂಮಿನ ಸ್ವಿಚ್ಚುಗಳ ಮೇಲಾದರೋ ಬರೀ ಇಂಗ್ಲಿಷು. ಹಾಗಾಗಿ ಸೇರಿದ ವಾರವೇ ನಾನು ಬಿಳಿ ಟೇಪು ಹರಿದು, ಮಾರ್ಕರಿನಲ್ಲಿ ದಪ್ಪಗೆ ಕನ್ನಡದಲ್ಲಿ ಬರೆದು, ಒಂದೊಂದರ ಕೆಳಗೆ ಅಂಟಿಸುತ್ತ ಹೋದೆ. 'ಒಂದನೇ ಫ್ಯಾನು.' 'ಇದನ್ನು ಬೆಳಿಗ್ಗೆ ನೋಡಿ.' 'ಒದ್ದೆ ಕೈಯಲ್ಲಿ ಮುಟ್ಟಬೇಡಿ.' ಜೆಬೆಲ್ ಅಲಿಯ ದಾರಿಯಲ್ಲಿ ಒಂದು ಗೋಡೆ ತುಂಬ ಕನ್ನಡ ಆಯಿತು. ನನಗೆ ಅದರ ಹೆಮ್ಮೆ ಬೇರೆ.

ಆ ಸಾಲಿನ ಕೊನೆಯಲ್ಲಿ ಒಂದು ಸ್ವಿಚ್ಚು: 'ಫ್ಲೋರ್ ಹೀಟರ್, ರೂಂ ಮೂರು.' ಓದಿ ನನಗೆ ನಗು ತಡೆಯಲಾಗಲಿಲ್ಲ. ಜುಲೈ ತಿಂಗಳು. ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಊರು. ಅಂಥ ಊರಲ್ಲಿ ನೆಲಕ್ಕೆ ಹೀಟರ್! ಅದೂ ಫ್ರೀಜರಿನ ನೆಲಕ್ಕೆ!

"ಮೇಲಿನಿಂದ ತಂಪು ಮಾಡುದು, ಕೆಳಗಿನಿಂದ ಬಿಸಿ ಮಾಡುದು. ಯುರೋಪಿನ ಡ್ರಾಯಿಂಗನ್ನು ಹಾಗೇ ತಂದು ಇಲ್ಲಿ ಕಟ್ಟಿದ್ದಾರೆ ಕಾಕ, ಮಂಡೆ ಇಲ್ಲದವರು" ಎಂದೆ.

ಕಾಕ ಸ್ವಿಚ್ಚನ್ನೇ ನೋಡುತ್ತ, "ಅಲ್ಲ ಇಂಜಿನಿಯರ್ರೇ, ಇಷ್ಟು ದೊಡ್ಡದು ಕಟ್ಟಿದವರು ಸುಮ್ಮನೆ ಇಡ್ತಾರಾ? ಎಂತಕ್ಕೆ ಅಂತ ಒಮ್ಮೆ ಕೇಳಿ ನೋಡ್ಬಹುದಿತ್ತು" ಎಂದರು.

"ಕಾಕ, ನಿಮಗೆ ಏಳನೇ ಕ್ಲಾಸಿನಲ್ಲಿ ಇದೆಲ್ಲ ಕಲಿಸಿದ್ದಾರಾ?"

ಅವರು ಮಂಕಿ ಕ್ಯಾಪು ಕೆಳಗೆಳೆದುಕೊಂಡು ಫ್ರೀಜರಿನೊಳಗೆ ಹೋದರು. ನಾನು ಸ್ವಿಚ್ಚು ಆರಿಸಿದೆ. ಟೇಪು ಹರಿದು 'ಇದನ್ನು ಹಾಕಬೇಡಿ' ಎಂದು ಬರೆದು, ಅಂಟಿಸಿ, ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿದೆ. ಒಂದು ಮೂರ್ಖತನ ನಿಲ್ಲಿಸಿದ ಖುಷಿಯಲ್ಲಿ ಊಟಕ್ಕೆ ಹೋದೆ. ಆಮೇಲೆ ಅದನ್ನು ಮರೆತೇಬಿಟ್ಟೆ. ಆಣೆ ಮಾಡಿ ಹೇಳುತ್ತೇನೆ, ಪೂರ್ತಿ ಮರೆತೆ. ತೊಂಬತ್ತೇಳರಲ್ಲಿ ಕಂಪನಿ ನನ್ನನ್ನು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆಫೀಸಿಗೆ ಹಾಕಿತು. ಐದು ವರ್ಷ ಅಲ್ಲಿ ಎಸಿ ರಿಪೇರಿಯ ಕಾಗದ ಪತ್ರ ತಿರುವಿ ಹಾಕಿ, ಮತ್ತೆ ದುಬೈಗೆ, ಅದೇ ಸ್ಟೋರಿಗೆ ಬಂದೆ. ಆ ಐದು ವರ್ಷದಲ್ಲಿ ನನ್ನ ಜಾಗಕ್ಕೆ ಮೂವರು ಇಂಜಿನಿಯರುಗಳು ಬಂದು ಹೋಗಿದ್ದರು. ಇದೇನು ಸುರುಳಿ ಸುರುಳಿ ಬರೆದಿದೆ ಎಂದು ಒಬ್ಬನಾದರೂ ಕೇಳಬೇಡವೇ? ಇಲ್ಲ. ಗೋಡೆಯ ಮೇಲಿದ್ದದ್ದು ಗೋಡೆಯ ಮೇಲೇ ಇತ್ತು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಫ್ರೀಜರಿನ ಬಾಗಿಲು ಹಾಕಲು ಬಾರದಾಯಿತು. ಜಾರುವ ಬಾಗಿಲು, ಕೆಳಗೆ ನೆಲಕ್ಕೆ ಉಜ್ಜಿ ಅರ್ಧದಲ್ಲಿ ನಿಲ್ಲುತ್ತಿತ್ತು. ಬಾಗಿಲಿನವನನ್ನು ಕರೆಸಿದೆ. ಅವನು ತಳವನ್ನು ಒಂದು ಬೆರಳಿನಷ್ಟು ಕತ್ತರಿಸಿ ಹೋದ. ತಿಂಗಳಾಗುವುದರೊಳಗೆ ಮತ್ತೆ ಉಜ್ಜಿತು. ಮತ್ತೆ ಕತ್ತರಿಸಿದ. ಮೂರನೇ ಸಲ ಅವನು ಫೋನೇ ಎತ್ತಲಿಲ್ಲ. ಫೋರ್ಕ್‌ಲಿಫ್ಟ್ ಓಡಿಸುವ ಪಠಾಣ ಬಂದು "ಸಾಬ್, ಫ್ಲೋರ್ ಕಾ ಪೇಟ್ ನಿಕಲ್ ಆಯಾ" ಎಂದ. ನೆಲಕ್ಕೆ ಹೊಟ್ಟೆ ಬಂದಿದೆ! ಹೋಗಿ ನೋಡಿದರೆ ಹೌದು. ಕಾಕ ಜೇಬಿನಿಂದ ಒಂದು ಮೋಸಂಬಿ ತೆಗೆದು ಕೋಣೆಯ ನಡುವೆ ಇಟ್ಟರು. ಅದು ತಾನಾಗಿ ಉರುಳಿಕೊಂಡು ಗೋಡೆಯವರೆಗೆ ಹೋಯಿತು. ರ್‍ಯಾಕುಗಳು ಕುಡಿದವರ ಹಾಗೆ ಆ ಕಡೆ ಈ ಕಡೆ ವಾಲಿದ್ದವು.

ಕಾರಣ ಹೇಳುವವರಿಗೆ ಬರವಿರಲಿಲ್ಲ. ಒಬ್ಬ ಜಿನ್ನಿನ ಕೆಲಸ ಎಂದ. ಇನ್ನೊಬ್ಬ ಸಿಮೆಂಟು ಕಳಪೆ ಎಂದ. ನಮ್ಮ ಮ್ಯಾನೇಜರನಿಗೆ (ಯಾವ ದೇಶದವನೆಂದು ಹೇಳುವುದಿಲ್ಲ, ನಮ್ಮವನಲ್ಲ ಅಷ್ಟೇ) ಎಲ್ಲ ಕಾಯಿಲೆಗೂ ಒಂದೇ ಮದ್ದು: ಇವತ್ತೇ ಮುಗಿಸು. ಕುರ್ಚಿಯಿಂದ ಏಳದೆ, "ನೆಲ ಕೆತ್ತಿ ಸಮ ಮಾಡು, ಖಲಾಸ್" ಎಂದ. ನೆಲ ಯಾಕೆ ಉಬ್ಬಿದೆ ಎಂದು ಗೊತ್ತಿಲ್ಲದೆ ಕೆತ್ತುವುದು ಹೇಗೆ ಎಂದು ನಾನು ಕೂಗಾಡಿದೆ. ಕೊನೆಗೆ ಶಾರ್ಜಾದಿಂದ ನೆಲದ ವಿಷಯ ಬಲ್ಲ ಒಬ್ಬ ರಷ್ಯದ ಇಂಜಿನಿಯರನನ್ನು ಕರೆಸಲು ಒಪ್ಪಿದ.

ರಷ್ಯದವನಿಗೆ ಅರುವತ್ತರ ಹತ್ತಿರ ವಯಸ್ಸು, ದೊಡ್ಡ ಕೈಗಳು, ಕಂಕುಳಲ್ಲಿ ಚಹಾದ ಫ್ಲಾಸ್ಕು. ಅವನು ಫ್ರೀಜರಿನೊಳಗೆ ಬಂದವನೇ ತೋಳಿನ ಗುಂಡಿ ಬಿಚ್ಚಿದ. ಹೊರಗಿನ ಸೆಕೆಯಲ್ಲಿ ಬೇಯುತ್ತಿದ್ದವನಿಗೆ ಅಲ್ಲಿ ಜೀವ ಬಂದ ಹಾಗಿತ್ತು. ನೆಲಕ್ಕೆ ತೂತು ಕೊರೆದು, ಕೆಳಗಿನ ಮಣ್ಣನ್ನು ಕೊಳವೆಯಲ್ಲಿ ಎತ್ತಿ ಮೇಜಿನ ಮೇಲೆ ಮಲಗಿಸಿದ. ನಾನು ನೋಡಿ ದಂಗಾದೆ. ಒಂದು ಪದರ ಮರಳು, ಒಂದು ಪದರ ಐಸು, ಮತ್ತೆ ಮರಳು, ಮತ್ತೆ ಐಸು. ಮಂಗಳೂರಿನಲ್ಲಿ ಉದ್ದ ಗ್ಲಾಸಿನಲ್ಲಿ ಕೊಡುವ ಗಡ್‌ಬಡ್ ಐಸ್‌ಕ್ರೀಮಿನ ಹಾಗೆ.

"ನಿಮ್ಮ ಫ್ರೀಜರಿನ ತಂಪು ವರ್ಷ ವರ್ಷ ಕೆಳಗಿಳಿದಿದೆ. ನೆಲದ ನೀರನ್ನು ಹೆಪ್ಪುಗಟ್ಟಿಸಿದೆ. ಐಸು ಬೆಳೆಯುತ್ತ ನೆಲವನ್ನು ಮೇಲೆತ್ತಿದೆ. ದುಬೈಯಲ್ಲಿ ನನ್ನ ಊರಿನ ನೆಲ ಮಾಡಿದ್ದೀರಿ" ಎಂದು ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ: "ಹೀಗಾಗಬಾರದೆಂದೇ ಇಂಥ ಕಡೆ ನೆಲದಡಿಯಲ್ಲಿ ಹೀಟರ್ ಇಡುತ್ತಾರೆ. ನಿಮ್ಮದು ಎಲ್ಲಿ?"

ನನಗೆ ಆಗಲೂ ನೆನಪಾಗಲಿಲ್ಲ. "ನೋಡಿ ಬರುತ್ತೇನೆ" ಎಂದು ಪ್ಯಾನೆಲ್ ರೂಮಿಗೆ ಹೋದೆ. ಸಾಲಿನ ಕೊನೆಗೆ ಹೋಗಿ ನಿಂತೆ. ಟೇಪು ಹಳದಿಯಾಗಿತ್ತು, ಮಾರ್ಕರಿನ ಕಪ್ಪು ಕಂದಾಗಿತ್ತು, ಅಕ್ಷರ ಮಾತ್ರ ನನ್ನದೇ. ನನ್ನ 'ಕ' ಬೇರೆ ಯಾರೂ ಹಾಗೆ ಬರೆಯುವುದಿಲ್ಲ. ಒಂಬತ್ತು ವರ್ಷ! ಒಂಬತ್ತು ವರ್ಷ ಆ ಸ್ವಿಚ್ಚು ನನ್ನ ಮಾತು ಕೇಳಿಕೊಂಡು ಕೂತಿತ್ತು.

ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಕಟ್ಟಡವಲ್ಲ, ಮಗಳು. ಅವಳು ಆ ವರ್ಷ ಹತ್ತನೇ ಕ್ಲಾಸು. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ, ಶಾಲೆಯಿಂದ ಹೆಸರು ಹೋಗಿ ಆಗಿತ್ತು. ಅವಳೂ ಹೆಂಡತಿಯೂ ನನ್ನ ವೀಸಾದ ಮೇಲೆ ಇದ್ದವರು. ನಾನು ತಪ್ಪು ಮಾಡಿದ್ದೇನೆ ಎಂದಾದರೆ ನನ್ನ ವೀಸಾ ಕ್ಯಾನ್ಸಲ್, ಅದರ ಹಿಂದೆ ಅವರದೂ ಕ್ಯಾನ್ಸಲ್, ತಿಂಗಳೊಳಗೆ ಮೂವರೂ ಸಾಮಾನು ಕಟ್ಟಬೇಕು. ನಡು ವರ್ಷದಲ್ಲಿ ಊರಿನ ಯಾವ ಶಾಲೆ ಅವಳನ್ನು ಸೇರಿಸಿಕೊಳ್ಳುತ್ತದೆ? ಒಂದು ವರ್ಷ ಹೋದ ಹಾಗೆಯೇ. ನಾನು ಸ್ವಿಚ್ಚು ಹಾಕಿದೆ. ಟೇಪು ಕೀಳಲು ಉಗುರು ಹಾಕಿದೆ. ಒಂಬತ್ತು ವರ್ಷದ ಗೋಂದು, ಹಾಳಾದ್ದು, ಮೂಲೆ ಕೂಡ ಏಳಲಿಲ್ಲ. ಅಷ್ಟರಲ್ಲಿ ಹಿಂದೆ ಕೋಟಿನ ಸದ್ದಾಯಿತು. ಕಾಕ.

ಅವರು ಸ್ವಿಚ್ಚು ನೋಡಿದರು, ನನ್ನ ಉಗುರು ನೋಡಿದರು. "ಹಾಕಿದ್ರಾ?"

"ಹೂಂ."

"ಪುಸ್ತಕದಲ್ಲಿ ಬರೀಬೇಕಾ?" ಯಂತ್ರ ಹಾಕಿದ್ದು, ಆರಿಸಿದ್ದು ಎಲ್ಲವನ್ನೂ ಅವರು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು.

"ಬೇಡ ಕಾಕ."

ನಾನು ಫ್ರೀಜರಿಗೆ ವಾಪಸು ಹೋಗಿ ರಷ್ಯದವನಿಗೆ "ಹೀಟರ್ ಓಡುತ್ತಾ ಇದೆ" ಎಂದೆ. ಅದು ಸುಳ್ಳೂ ಅಲ್ಲ. ಎರಡು ನಿಮಿಷದಿಂದ ಓಡುತ್ತಿತ್ತು. ಅವನು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

ಆವತ್ತು ಸಂಜೆ ಅವನನ್ನು ಶಾರ್ಜಾಕ್ಕೆ ಬಿಡಲು ಹೋದವನು ನಾನೇ. ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡಾಗ ಅವನು ತನ್ನ ಊರಿನ ಕಥೆ ಹೇಳಿದ. ದೂರದ ಉತ್ತರದ ಊರು. ಅಲ್ಲಿ ನೆಲ ಚಳಿಗಾಲದಲ್ಲಿ ಮಾತ್ರವಲ್ಲ, ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದಂತೆ. ಮನೆಗಳನ್ನು ಕಂಬಗಳ ಮೇಲೆ ಕಟ್ಟಿ ಅಡಿಯಲ್ಲಿ ಗಾಳಿಗೆ ಜಾಗ ಬಿಡುತ್ತಾರೆ, ಒಲೆಯ ಬಿಸಿ ನೆಲಕ್ಕೆ ತಾಗಬಾರದೆಂದು. ಅವನ ತಾಯಿ ಇದ್ದ ಕಟ್ಟಡದ ಒಂದು ಮೂಲೆ ಕೂತಿತು. ಆಫೀಸಿನವರು ಬಂದು, ಬಿಸಿನೀರಿನ ಪೈಪು ಸೋರಿದೆ ಎಂದು ಬರೆದು, ಪೈಪಿನವನನ್ನು ಕೆಲಸದಿಂದ ತೆಗೆದರು. ಮರುವರ್ಷ ಪಕ್ಕದ ಕಟ್ಟಡ ಕೂತಿತು. ಅಲ್ಲಿ ಪೈಪು ಸೋರಿರಲಿಲ್ಲ. ಆದರೂ ಪೈಪು ಎಂದೇ ಬರೆದರು. ವಿಮಾನ ಇಳಿಯುವ ದಾರಿ ಅಲೆ ಅಲೆಯಾಯಿತು. ಆಗಲೂ ಯಾರೋ ಒಬ್ಬ ಮೇಸ್ತ್ರಿಯನ್ನು ಹಿಡಿದರು.

"ಬೇಸಿಗೆ ಉದ್ದವಾಗುತ್ತಿದೆ, ನೆಲ ಬೆಚ್ಚಗಾಗುತ್ತಿದೆ ಎಂದು ನಮ್ಮ ಊರಿನ ಮುದುಕಿಯರಿಗೂ ಗೊತ್ತು" ಎಂದು ಅವನು ಡ್ಯಾಶ್‌ಬೋರ್ಡ್ ಗುದ್ದಿದ. "ಆದರೆ ಅದನ್ನು ಬರೆದರೆ ಊರಿಗೆ ಊರನ್ನೇ ಸರಿ ಮಾಡಬೇಕಾಗುತ್ತದಲ್ಲ. ಪೈಪಿನವನ ಹೆಸರು ಬರೆದರೆ ಒಂದು ದಿನದಲ್ಲಿ ಮುಗಿಯಿತು. ಎಲ್ಲ ಕಡೆ ಒಬ್ಬ ಪೈಪಿನವನನ್ನು ಹುಡುಕುತ್ತಾರೆ."

ನಾನು ಸ್ಟೀರಿಂಗ್ ಹಿಡಿದು ಮುಂದಿನ ಲಾರಿಯ ನಂಬರ್ ಪ್ಲೇಟ್ ಓದುತ್ತಿದ್ದೆ.

ಇಳಿಯುವ ಮೊದಲು ಅವನು ಇನ್ನೊಂದು ಮಾತು ಹೇಳಿದ. "ಐಸು ಇರುವಷ್ಟು ದಿನ ನೆಲ ಕಲ್ಲು. ಅಪಾಯ ಇರುವುದು ಕರಗುವಾಗ. ನಿಧಾನ ಕರಗಿಸಿದರೆ ನೀರು ಇಳಿದು ಹೋಗುತ್ತದೆ. ಬೇಗ ಕರಗಿಸಿದರೆ ನೀರಿಗೆ ಹೋಗಲು ದಾರಿ ಇಲ್ಲ. ಗಂಜಿಯ ಮೇಲೆ ಕಟ್ಟಡ ನಿಲ್ಲಿಸಿದ ಹಾಗೆ." ಆರೇಳು ತಿಂಗಳು ಬೇಕು, ನೆಲದ ಸುತ್ತ ತೂತು ಕೊರೆದು ನೀರು ಎತ್ತುತ್ತಿರಬೇಕು, ಅಲ್ಲಿಯವರೆಗೆ ಒಂದು ಪೆಟ್ಟಿಗೆಯನ್ನೂ ಒಳಗಿಡಬಾರದು ಎಂದು ಕಾಗದದಲ್ಲಿಯೂ ಬರೆದುಕೊಟ್ಟ.

ಮ್ಯಾನೇಜರ್ ಆ ಕಾಗದವನ್ನು ಚಹಾದ ಕಪ್ಪಿನ ಕೆಳಗೆ ಇಟ್ಟ. "ಆರು ತಿಂಗಳಾ? ರಂಜಾನ್‌ಗೆ ಇರುವುದು ಆರು ವಾರ. ಕೋಳಿಯನ್ನು ನನ್ನ ಮನೆಯಲ್ಲಿ ಇಡಲಾ? ಫ್ರೀಜರ್ ಬಂದ್ ಮಾಡು, ಬಾಗಿಲು ತೆರೆದಿಡು, ಹೊರಗಿನ ಬಿಸಿಲು ಪುಕ್ಕಟೆ ಉಂಟು. ಮೂರು ವಾರದಲ್ಲಿ ಮುಗಿಸು, ಯಲ್ಲಾ." ಆಮೇಲೆ ನನ್ನ ಕಡೆ ತಿರುಗಿದ. "ನೀನು ಇಂಜಿನಿಯರ್. ಆಗುತ್ತದೋ ಇಲ್ಲವೋ?"

ಆಗುವುದಿಲ್ಲ ಎನ್ನಬೇಕಾದವನು ನಾನು. ಆ ಕೋಣೆಯಲ್ಲಿ ಅದು ಗೊತ್ತಿದ್ದವನೂ ನಾನೊಬ್ಬನೇ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಐಸು ಬೇಗ ಹೋದರೆ ಐಸು ಯಾಕೆ ಬಂತು ಎಂದು ಕೇಳುವವರಿರುವುದಿಲ್ಲ. ಮನೆಯಲ್ಲಿ ಹೆಂಡತಿಗೆ ಮಾತ್ರ ಟೇಪಿನ ವಿಷಯ ಹೇಳಿದ್ದೆ. ಅವಳು ದೋಸೆ ಸಟ್ಟುಗ ಕೈಯಲ್ಲಿ ಹಿಡಿದೇ, "ಕೇಳಿತಾ, ಮಾರ್ಚ್ ಒಂದು ಮುಗೀಲಿ. ಆಮೇಲೆ ಎಂತ ಬೇಕಾದ್ರೂ ಆಗ್ಲಿ. ಈಗ ಬಾಯಿ ಬಿಡ್ಬೇಡಿ" ಎಂದಿದ್ದಳು. ಒಳಗಿನಿಂದ ಮಗಳು "ಪಪ್ಪಾ, ಪ್ಲೀಸ್, ಐ ಆಮ್ ಸ್ಟಡಿಯಿಂಗ್" ಎಂದು ಕೂಗಿದ್ದಳು. ನಾನು ಮ್ಯಾನೇಜರನಿಗೆ "ಆಗುತ್ತದೆ" ಎಂದೆ.

ಸೆಪ್ಟೆಂಬರಿನ ಬಿಸಿಲಿಗೆ ಫ್ರೀಜರಿನ ಬಾಗಿಲು ಹಾಕದೆ ಬಿಟ್ಟೆವು. ದೊಡ್ಡ ಫ್ಯಾನುಗಳನ್ನಿಟ್ಟು ಬಿಸಿಗಾಳಿ ಒಳಗೆ ನುಗ್ಗಿಸಿದೆವು. ನೆಲದ ಹೀಟರ್ ಹಗಲೂ ರಾತ್ರಿ ಉರಿಯಿತು. ಕಾಕ ಕೋಟು ಬಿಚ್ಚಿ ಬನಿಯನ್ನಿನಲ್ಲಿ ನಿಂತು, "ಅವಸರದಲ್ಲಿ ಅಟ್ಟದ್ದು ಹೊಟ್ಟೆಗಾಗುದಿಲ್ಲ ಇಂಜಿನಿಯರ್ರೇ, ಆ ರಷ್ಯದವ ನಿಧಾನ ಅಂತ ಹೇಳಿದ್ದಲ್ವಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ನಾನು ಹರಿಹಾಯ್ದೆ. ಮೂರನೇ ವಾರ ಹೊಟ್ಟೆ ಇಳಿಯಿತು. ಮೋಸಂಬಿ ಇಟ್ಟರೆ ಇಟ್ಟಲ್ಲೇ ನಿಂತಿತು. ಮ್ಯಾನೇಜರ್ ನನ್ನ ಬೆನ್ನು ತಟ್ಟಿ ಎಲ್ಲರಿಗೂ ಕುನಾಫ ಸಿಹಿ ತರಿಸಿದ. ರಷ್ಯದವನ ಕಾಗದದ ಮೇಲೆ ಕಪ್ಪಿನ ಉಂಗುರ ಬಿದ್ದಿತ್ತು. ಫ್ರೀಜರ್ ಮತ್ತೆ ಓಡಿತು, ಐದು ದಿನ ಲಾರಿಗಳ ಸಾಲು, ಛಾವಣಿಯವರೆಗೆ ಕೋಳಿ.

ಆರನೇ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಲಾರಿಯಿಂದ ಜಲ್ಲಿ ಸುರಿದ ಹಾಗೆ ಶಬ್ದವಾಯಿತು. ಓಡಿ ಬಂದು ನೋಡಿದರೆ ನಡುವಿನ ಎರಡು ಸಾಲು ರ್‍ಯಾಕು ನೆಲದೊಳಕ್ಕೆ ಇಳಿದು, ಪಕ್ಕದ ಸಾಲುಗಳನ್ನೂ ಎಳೆದುಕೊಂಡು ಮಲಗಿದ್ದವು. ಒಂದು ಕಂಬ ಗೇಣುದ್ದ ಕೂತಿತ್ತು. ಅದು ಕೂತದ್ದಕ್ಕೆ ಛಾವಣಿ ಹರಿದಿತ್ತು. ಫ್ರೀಜರಿನ ನಡುವಿನಲ್ಲಿ, ಒಡೆದ ಕೋಳಿ ಪೆಟ್ಟಿಗೆಗಳ ಮೇಲೆ, ಚೌಕವಾಗಿ ಬಿಸಿಲು ಬಿದ್ದಿತ್ತು. ನೆಲದ ಬಿರುಕಿನಿಂದ ಬೂದು ಬಣ್ಣದ ನೀರು ಮರಳು ಕಲಸಿಕೊಂಡು ಉಕ್ಕುತ್ತಿತ್ತು. ಗಂಜಿ. ಹೇಳಿದ್ದನಲ್ಲ, ಗಂಜಿ! ಒಳಗೆ ಯಾರೂ ಇರಲಿಲ್ಲ ಎಂಬುದು ಯಾರ ಪುಣ್ಯವೋ, ನನ್ನದಂತೂ ಅಲ್ಲ.

ಎರಡು ದಿನ ಬಿಟ್ಟು ವಿಚಾರಣೆ. ಮ್ಯಾನೇಜರ್, ಇನ್ಶೂರೆನ್ಸಿನವನು, ರಷ್ಯದವನು, ನಾನು, ಕಾಕ. ಐದು ಜನ ಪ್ಯಾನೆಲ್ ರೂಮಿನಲ್ಲಿ ಬೆವರುತ್ತ ನಿಂತೆವು. ಬೇಗ ಕರಗಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಅದನ್ನು ಕೇಳಿದರೆ ಮ್ಯಾನೇಜರನ ಕುರ್ಚಿಯವರೆಗೆ ಹೋಗಬೇಕಾಗುತ್ತದಲ್ಲ. ಇನ್ಶೂರೆನ್ಸಿನವನಿಗೆ ಬೇಕಾದದ್ದು ಒಂದೇ, ಆ ಐಸು ಬಂದದ್ದು ಹೇಗೆ. ರಷ್ಯದವನು, "ಎರಡು ಮೂರು ತಿಂಗಳಿನ ಐಸಲ್ಲ ಅದು. ವರ್ಷಗಟ್ಟಲೆ ಹೀಟರ್ ನಿಂತಿರಬೇಕು" ಎಂದ. ನನ್ನ ಕಡೆ ನೋಡಲಿಲ್ಲ. ಇನ್ಶೂರೆನ್ಸಿನವನು ಸಾಲಿನ ಕೊನೆಯವರೆಗೆ ಬೆರಳು ಎಳೆದುಕೊಂಡು ಹೋಗಿ ಟೇಪಿನ ಮೇಲೆ ನಿಲ್ಲಿಸಿದ. ಮೂಲೆಯಲ್ಲಿ ನನ್ನ ಉಗುರಿನ ಗೀರು ಕಾಣುತ್ತಿತ್ತು.

"ಇದು ಯಾವ ಭಾಷೆ? ಏನು ಬರೆದಿದೆ?"

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಕಾಕ ತಮ್ಮ ಹಿಂದಿಯಲ್ಲಿ, "ಮೇರಾ ಭಾಷಾ. ಮೈನೇ ಲಿಖಾ. ಹೀಟರ್ ಬಂದ್ ರಖನೇ ಕೋ ಲಿಖಾ" ಎಂದರು. ದುಬೈಯಲ್ಲಿ ಹೀಟರ್ ಯಾಕೆ ಎಂದುಕೊಂಡು ತಾನೇ ಆರಿಸಿದೆ, ಯಾರನ್ನೂ ಕೇಳಲಿಲ್ಲ ಎಂದರು. ನನ್ನ ಮಾತುಗಳನ್ನೇ, ಒಂದೊಂದಾಗಿ, ತಮ್ಮ ಬಾಯಲ್ಲಿ ಹೇಳಿದರು.

ಮ್ಯಾನೇಜರ್ ನನ್ನ ಕಡೆ ತಿರುಗಿದ. "ನೀನೂ ಅದೇ ಭಾಷೆಯವನಲ್ಲವಾ? ಅವನು ಹೇಳಿದ್ದೇ ಬರೆದಿದೆಯಾ?"

"ಹೌದು" ಎಂದೆ. "ಹೀಟರ್ ಬಂದ್ ಇಡಲು ಬರೆದಿದೆ."

"ಖಲಾಸ್" ಎಂದು ಮ್ಯಾನೇಜರ್ ಕೈ ಒದರಿದ. ಪೈಪಿನವನು ಸಿಕ್ಕಿದ್ದ.

ಕಾಕನ ವೀಸಾ ಅದೇ ವಾರ ಕ್ಯಾನ್ಸಲ್ ಆಯಿತು. ಶುಕ್ರವಾರ ಶಾರ್ಜಾದಲ್ಲಿ ನ್ಯಾಷನಲ್ ಪೇಂಟ್ಸ್ ಆಚೆಗಿದ್ದ ಕಂಪನಿಯ ಕೆಲಸಗಾರರ ಕ್ಯಾಂಪಿಗೆ ಹೋದೆ. ಕಾಕ ಮಂಚದ ಮೇಲೆ ಸೂಟ್‌ಕೇಸ್ ಇಟ್ಟು ಹಗ್ಗ ಬಿಗಿಯುತ್ತಿದ್ದರು. ಕೋಟನ್ನು ಮಡಚಿ ಬದಿಗಿಟ್ಟಿದ್ದರು. ಉಳ್ಳಾಲದಲ್ಲಿ ಕೋಟು ಹಾಕಿ ಯಾರಿಗೆ ತೋರಿಸಲಿಕ್ಕೆ? ನಾನು ಕ್ಷಮೆ ಕೇಳಲು ಶುರು ಮಾಡಿದೆ. ಅವರು ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, "ನಿಲ್ಸಿ ಮಾರ್ರೆ, ಸಾಕು" ಎಂದರು. ಅವರಿಗೆ ಸಿಟ್ಟು ಬಂದಿತ್ತು. ಬರದೆ ಏನು?

"ನಿಮಗೋಸ್ಕರ ಮಾಡಿದ್ದಲ್ಲ. ನೀವು ನನಗೆ ಏಳನೇ ಕ್ಲಾಸು ಅಂತ ಹೇಳಿದ್ದು ನಂಗೆ ನೆನಪುಂಟು. ನಿಮಗೆ ಮರ್ತು ಹೋಗಿರ್ಬಹುದು. ಆ ಮಗುವಿಗೆ ಪರೀಕ್ಷೆ ಉಂಟಲ್ಲ, ಅದಕ್ಕೆ. ನನ್ನ ಮಕ್ಕಳದ್ದೆಲ್ಲ ಮುಗಿದಿದೆ."

"ನೀವು ಆವತ್ತೇ ಹೇಳಿದ್ರಿ, ಕೇಳಿ ನೋಡಿ ಅಂತ. ಆದ್ರೂ ಒಂಬತ್ತು ವರ್ಷ ಯಾಕೆ ಸುಮ್ಮನಿದ್ರಿ ಕಾಕ? ನೀವೇ ಹಾಕಿಬಿಡ್ಬಹುದಿತ್ತಲ್ಲ?" ನೋಡಿ ನನ್ನ ಬುದ್ಧಿ. ಆಗಲೂ ತಪ್ಪನ್ನು ಅವರ ಕಡೆಗೇ ತಳ್ಳುತ್ತಿದ್ದೆ.

ಕಾಕ ಸೂಟ್‌ಕೇಸಿನ ಮೇಲೆ ಕೂತರು. ಅವರಿಗೆ ನಗು ಬಂತು.

"ಆ ಟೇಪಿನಲ್ಲಿ ಎಂತ ಬರ್ದದ್ದು? 'ಹಾಕಬೇಡಿ.' ನಾನೇ ಬರ್ದದ್ದಾದ್ರೆ ನನಗೆ ನಾನೇ 'ಬೇಡಿ' ಅಂತ ಬರೀತೇನಾ ಮಾರ್ರೆ? ಕನ್ನಡ ಗೊತ್ತಿರುವ ಒಂದು ಸಣ್ಣ ಮಗು ಅಲ್ಲಿದ್ರೂ ಸಿಕ್ಕಿಬೀಳ್ತಿದ್ದೆ. ಇವರಿಗೆಲ್ಲ ಭಾಷೆ ಬಾರದ್ದು ನಿಮ್ಮ ಪುಣ್ಯ." ಆಮೇಲೆ ಎದ್ದು, ಮತ್ತೆ ಹಗ್ಗ ಹಿಡಿದು, ನನ್ನ ಮುಖ ನೋಡದೆ ಹೇಳಿದರು: "ಆ ಕಂಪನಿಯಲ್ಲಿ ಎಲ್ಲರಿಗೂ ನಾನು 'ಏಯ್ ಬುಡ್ಡಾ'. ನೀವೊಬ್ರು 'ಬೇಡಿ' ಅಂತ ಬರ್ದಿರಿ. ಮರ್ಯಾದೆಯಲ್ಲಿ ಹೇಳಿದ್ರಲ್ಲ, ಅದಕ್ಕೆ ಮುಟ್ಲಿಲ್ಲ."

ಮಗಳು ಮಾರ್ಚಿನಲ್ಲಿ ಪರೀಕ್ಷೆ ಬರೆದಳು, ಒಳ್ಳೆಯ ಮಾರ್ಕು ಬಂತು. ಮಾರ್ಚ್ ಮುಗಿದ ಮೇಲೆ ಎಂತ ಬೇಕಾದರೂ ಆಗಲಿ ಎಂದಿದ್ದೆವಲ್ಲ, ಏನೂ ಆಗಲಿಲ್ಲ. ನಾನು ಬಾಯಿ ಬಿಟ್ಟರೆ ತಾನೇ ಆಗುವುದು. ಕಾಕ ಮಂಗಳೂರು ಬಂದರಿನ ಧಕ್ಕೆಯಲ್ಲಿ ಮೀನಿಗೆ ಐಸು ಮಾಡುವ ಪ್ಲಾಂಟಿಗೆ ಸೇರಿದರೆಂದು ಯಾರೋ ಹೇಳಿದರು. ಊರಿಗೆ ಹೋದಾಗಲೆಲ್ಲ ಈ ಸಲ ನೋಡಿ ಬರಬೇಕು ಎಂದುಕೊಂಡು, ಒಂದಲ್ಲ ಒಂದು ನೆಪ ಹೇಳಿ, ಹಾಗೇ ಮರಳಿದ್ದೇನೆ.

ಮರುವರ್ಷ ಮೂರನೇ ಕೋಣೆಯನ್ನು ಹೊಸದಾಗಿ ಕಟ್ಟಿದರು. ಕಾಕನ ಜಾಗಕ್ಕೆ ಬಂದ ಆಪರೇಟರ್ ಬೇರೆ ದೇಶದವನು. ಮೊದಲ ದಿನವೇ ಗೋಡೆ ತೋರಿಸಿ, "ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಡಿ" ಎಂದ. ನಾನು ಬಿಸಿನೀರು, ಬ್ಲೇಡು ತಂದು ಕೂತು ಎಲ್ಲ ಟೇಪುಗಳನ್ನು ಕೆರೆದು ತೆಗೆದೆ. 'ಇದನ್ನು ಬೆಳಿಗ್ಗೆ ನೋಡಿ.' 'ಮುಟ್ಟಬೇಡಿ.' ಕೊನೆಯದನ್ನು ತೆಗೆಯಲು ಒಂದು ಗಂಟೆ ಹಿಡಿಯಿತು. ಅದರ ಜಾಗದಲ್ಲಿ, ಈ ಸ್ವಿಚ್ಚನ್ನು ಯಾವತ್ತೂ ಆರಿಸಕೂಡದು ಎಂದು ಕೆಂಪು ಮಾರ್ಕರಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಇಂಗ್ಲಿಷಿನಲ್ಲಿ 'ಬೇಡ'ವೂ 'ಬೇಡಿ'ಯೂ ಒಂದೇ, ಅದನ್ನು ಯಾರಿಗೆ ಹೇಳಿದ್ದು ಎಂದು ಗೊತ್ತಾಗುವುದಿಲ್ಲ.